ಸಮಕ್ಕೆ ಸರಿಯಾಗಿ ಒಂದು ಕ್ಲಿಕ್

ಮೈಸೂರಿನ ಬನ್ನಿಮಂಟಪದ ಆಸುಪಾಸಿನಲ್ಲಿ ಮನೆ ಮಾಡಿಕೊಂಡವರಿಗೆ ದಸರಾ ಮೊದಲು ಬರುವುದು ಕಿವಿಗೆ, ಕಣ್ಣಿಗೆ ಆಮೇಲೆ. ವಿಜಯದಶಮಿಗೆ ಇನ್ನೂ ದಿನಗಳಿರುವಾಗಲೇ ಸಂಜೆ ಹೊತ್ತು ಪಂಜಿನ ಕವಾಯತು ಮೈದಾನದ ಕಡೆಯಿಂದ ಡ್ರಮ್ಮಿನ ಗುಡುಗು ಶುರುವಾಗುತ್ತದೆ. ಪೊಲೀಸ್ ಬ್ಯಾಂಡಿನ ತಾಲೀಮು. ಒಂದು ಸಾಲು ನುಡಿಸುತ್ತಾರೆ, ಯಾರೋ ಕೂಗಿ ನಿಲ್ಲಿಸುತ್ತಾರೆ, ಮತ್ತೆ ಅದೇ ಸಾಲು. ಬಟ್ಟೆ ಮಡಿಸುತ್ತ ಕೂತ ಅಮ್ಮ ‘ಇವತ್ತೂ ಅಲ್ಲೇ ಎಡವಿದ್ರು ನೋಡು’ ಎನ್ನುತ್ತಾಳೆ. ಅವಳಿಗೆ ಆ ವಾದ್ಯಗಳ ಹೆಸರು ಗೊತ್ತಿಲ್ಲ. ಎಡವಿದ್ದು ಮಾತ್ರ ಗೊತ್ತಾಗುತ್ತದೆ.

ಈ ಮಾತನ್ನು ಮೊದಲೇ ಹೇಳಲು ಕಾರಣವಿದೆ. ಕಛೇರಿಗಳ ಫೋಟೊ ತೆಗೆಯುವ ಹುಚ್ಚು ನನಗೆ ಹಿಡಿದು ಒಂದು ವರ್ಷವಾಯಿತು. ಕ್ಯಾಮೆರಾ, ಲೆನ್ಸು, ಮೆಮೊರಿ ಕಾರ್ಡು ಎಂದು ಎಲ್ಲಕ್ಕೂ ದುಡ್ಡು ಸುರಿದ ಮೇಲೆ, ಬೇಕಾಗಿದ್ದ ಮುಖ್ಯ ಸಾಮಾನು ಅಮ್ಮನ ಹತ್ತಿರ ಮೊದಲಿಂದಲೂ ಇತ್ತು ಅನ್ನುವುದು ತಿಳಿಯಲು ಅಷ್ಟೂ ದಿನ ಹಿಡಿಯಿತು.

ಮೊದಲ ಪ್ರಯತ್ನ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ, ಯುವ ಸಂಭ್ರಮದ ಒಂದು ರಾತ್ರಿ. ದಸರಾಕ್ಕೆ ಮುಂಚೆ ಕಾಲೇಜು ಹುಡುಗ ಹುಡುಗಿಯರ ತಂಡಗಳು ಅಲ್ಲಿ ಹಾಡಿ ಕುಣಿಯುತ್ತವೆ. ಶಿಳ್ಳೆಗೆ ಕಿವಿ ಗುಂಯ್ಗುಡುತ್ತದೆ. ನನ್ನ ಕೈಯಲ್ಲಿ ಸೆಕೆಂಡ್ ಹ್ಯಾಂಡ್ ಡಿಎಸ್ಎಲ್ಆರ್, ಅದರ ಜೊತೆಗೇ ಬಂದ ಪುಟ್ಟ ಜೂಮ್ ಲೆನ್ಸು. ಗುಂಡಿಯನ್ನು ‘ಆಟೊ’ಗೆ ತಿರುಗಿಸಿ ಮೆಟ್ಟಿಲ ಮೇಲೆ ಕೂತೆ. ದೀಪವೆಲ್ಲ ಆರಿ ಒಬ್ಬಳೇ ಹುಡುಗಿಯ ಮೇಲೆ ನೀಲಿ ಬೆಳಕು ಬಿದ್ದಿತು. ಒತ್ತಿದೆ. ಕ್ಯಾಮೆರಾದ ನೆತ್ತಿ ಪಟಕ್ಕನೆ ಬಿಚ್ಚಿಕೊಂಡು ಫ್ಲ್ಯಾಶ್ ಮಿಂಚಿತು. ಮುಂದಿನ ಸಾಲಿನ ಹನ್ನೆರಡು ತಲೆ ಒಟ್ಟಿಗೆ ಹಿಂದೆ ತಿರುಗಿದವು. ಫೋಟೊದಲ್ಲಿ ಬಂದಿದ್ದೂ ಅವೇ ತಲೆಗಳು, ಎಣ್ಣೆ ಹಚ್ಚಿದ ಕೂದಲು ಫಳಫಳ ಹೊಳೆಯುತ್ತ. ಹುಡುಗಿ ಎಲ್ಲೂ ಇಲ್ಲ.

ಕ್ಯಾಮೆರಾದೊಳಗಿನ ಫ್ಲ್ಯಾಶಿಗೆ ಶಕ್ತಿ ಎಷ್ಟು ಅನ್ನುವುದಕ್ಕೆ ಒಂದು ಲೆಕ್ಕವಿದೆ, ಗೈಡ್ ನಂಬರ್ ಅನ್ನುತ್ತಾರೆ. ನನ್ನದರದ್ದು 12. ಇದನ್ನು ಲೆನ್ಸಿನ ಕಿಂಡಿಯ ಅಂಕಿಯಿಂದ, ಉದಾಹರಣೆಗೆ 4ರಿಂದ, ಭಾಗಿಸಿದರೆ ಸಿಗುವುದು 3. ಅಂದರೆ ಐಎಸ್ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಚುರುಕು ಅನ್ನುವ ಅಂಕಿ) 100ರಲ್ಲಿ ಆ ಬೆಳಕು ಹೋಗಿ ಮುಟ್ಟುವುದು 3 ಮೀಟರು. ಐಎಸ್ಒ 1600ಕ್ಕೆ ಏರಿಸಿದರೂ 12 ಮೀಟರು. ರಂಗ ಇದ್ದದ್ದು ಅದಕ್ಕೂ ಆಚೆ. ಕ್ರಿಕೆಟ್ ಮೈದಾನದ ಗ್ಯಾಲರಿಯಲ್ಲಿ ಮೊಬೈಲ್ ಫ್ಲ್ಯಾಶ್ ಮಿಂಚಿಸುವ ಸಾವಿರಾರು ಜನರನ್ನು ನೋಡಿ ನಗುತ್ತಿದ್ದವನು ನಾನು. ಈಗ ನಗುವುದಿಲ್ಲ.

ಫ್ಲ್ಯಾಶ್ ಅದುಮಿದ ಮೇಲೆ ಇನ್ನೊಂದು ತೊಂದರೆ. ಮುಖಗಳೆಲ್ಲ ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡವು. ಕ್ಯಾಮೆರಾದ ಬೆಳಕಿನ ಮೀಟರು ಒಂದು ಮುಗ್ಧ ಪ್ರಾಣಿ. ತಾನು ಕಾಣುವ ಪ್ರಪಂಚವೆಲ್ಲ ಸರಾಸರಿಯಲ್ಲಿ ಬೂದು ಬಣ್ಣ ಎಂದು ಅದು ನಂಬಿಕೊಂಡಿದೆ. ಕಛೇರಿಯಲ್ಲಿ ಚೌಕಟ್ಟಿನ ಮುಕ್ಕಾಲು ಪಾಲು ಕಪ್ಪು, ನಡುವೆ ಒಂದು ಬೆಳಗಿದ ಮುಖ. ಅದು ಕಪ್ಪನ್ನು ನೋಡಿ ‘ಅಯ್ಯೋ, ಕತ್ತಲು’ ಎಂದು ಬೆಳಕು ಏರಿಸುತ್ತದೆ. ಕಪ್ಪು ಬೂದಿಯಾಗುತ್ತದೆ, ಮುಖ ಸುಟ್ಟುಹೋಗುತ್ತದೆ. ಮೀಟರನ್ನು ‘ಸ್ಪಾಟ್’ಗೆ ಹಾಕಿ ಮುಖವನ್ನಷ್ಟೇ ಅಳೆಯಿಸಬೇಕು, ಇಲ್ಲವೇ ಎಲ್ಲವನ್ನೂ ಕೈಯಲ್ಲೇ ಹೊಂದಿಸಿಕೊಳ್ಳಬೇಕು. ನಾನು ಎರಡನೆಯದಕ್ಕೆ ಬಂದು ನಿಂತೆ. ಅಡುಗೆಗೆ ಉಪ್ಪು ಹಾಕುವ ಹಾಗೆ, ನಾಲ್ಕು ದಿನ ಕೆಟ್ಟ ಮೇಲೆ ಕೈ ಹದಕ್ಕೆ ಬರುತ್ತದೆ.

ಬಣ್ಣದ ದೀಪಗಳ ಕಥೆ ಬೇರೆ. ಕ್ಯಾಮೆರಾದ ಸೆನ್ಸರಿನಲ್ಲಿ ಅರ್ಧದಷ್ಟು ಬಿಂದುಗಳು ಹಸಿರಿಗೆ, ಕಾಲು ಭಾಗ ಕೆಂಪಿಗೆ, ಇನ್ನು ಕಾಲು ಭಾಗ ನೀಲಿಗೆ ಮೀಸಲು. ವೇದಿಕೆಯನ್ನು ಪೂರ್ತಿ ಕೆಂಪು ಎಲ್ಇಡಿಯಲ್ಲಿ ಮುಳುಗಿಸಿದರೆ ಕ್ಯಾಮೆರಾದ ಮುಕ್ಕಾಲು ಪಾಲು ಹೆಚ್ಚುಕಡಿಮೆ ಕುರುಡು. ಕೆಲಸ ಮಾಡುವ ಆ ಕಾಲು ಭಾಗವೂ ಉಕ್ಕಿ ತುಂಬಿ, ಮೂಗು ಯಾವುದು ಕೆನ್ನೆ ಯಾವುದು ಎಂದು ತಿಳಿಯದ ಕುಂಕುಮದ ಮುದ್ದೆ ಉಳಿಯುತ್ತದೆ. ಇದಕ್ಕೆ ಔಷಧವಿಲ್ಲ. ದೀಪದ ಹುಡುಗ ಬಿಳಿ ಬೆಳಕಿಗೆ ಬರುವ ತನಕ ಕಾಯುವುದು ಅಷ್ಟೆ.

ಲೆನ್ಸಿನ ವಿಷಯದಲ್ಲಿ ಮಾತ್ರ ದುಡ್ಡಿಗೆ ತಕ್ಕ ಬೆಲೆ ಇದೆ ಎಂದು ಒಪ್ಪಿಕೊಳ್ಳುತ್ತೇನೆ. ಕ್ಯಾಮೆರಾದ ಜೊತೆ ಬರುವ ಜೂಮನ್ನು ಪೂರ್ತಿ ಎಳೆದಾಗ ಅದರ ಕಿಂಡಿ ಎಫ್ 5.6. ಜೂಮ್ ಇಲ್ಲದ 50 ಮಿ.ಮೀ. ಲೆನ್ಸು ಎಫ್ 1.8ರ ತನಕ ತೆರೆಯುತ್ತದೆ. ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಇವೆರಡರ ನಡುವೆ ಒಳಬರುವ ಬೆಳಕಿನ ವ್ಯತ್ಯಾಸ ಸುಮಾರು ಹತ್ತು ಪಟ್ಟು. ಜೂಮ್ ಇಲ್ಲವಲ್ಲ ಎಂದು ಕೊರಗುವವರಿಗೆ ಕಾಲಿದೆ, ಎದ್ದು ಹತ್ತಿರ ಹೋಗಬಹುದು, ಬಿಟ್ಟರೆ.

ಬಿಡುವ ಜಾಗ ಎಂದರೆ ಒಂಟಿಕೊಪ್ಪಲಿನ 8ನೇ ಕ್ರಾಸ್. 1962ರಿಂದ ನಡೆದುಬಂದಿರುವ ಅಲ್ಲಿನ ಗಣೇಶೋತ್ಸವದ ಸಂಗೀತ ಮೈಸೂರಿಗೇ ಒಂದು ಗುರುತು. ಬೀದಿಗೆ ಅಡ್ಡಲಾಗಿ ಚಪ್ಪರ, ಪ್ಲಾಸ್ಟಿಕ್ ಕುರ್ಚಿ, ಸುತ್ತಲಿನ ಮನೆಗಳ ಕಾಂಪೌಂಡಿನ ಮೇಲೂ ಶ್ರೋತೃಗಳು. ಮದರಾಸಿನ ಸಭೆಗಳಲ್ಲಿ ಹವಾನಿಯಂತ್ರಿತ ಕತ್ತಲಲ್ಲಿ ದೂರದಿಂದ ಕಾಣುವ ದೊಡ್ಡ ವಿದ್ವಾಂಸರು ಇಲ್ಲಿ ಕೈಯಳತೆಯಲ್ಲಿ ಕೂತು ಹಾಡುತ್ತಾರೆ. ನನ್ನಂಥ ಹೊಸಬನಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲವೆಂದು ಎರಡನೆಯ ವರ್ಷ ಅಲ್ಲಿಗೆ ಹೋದೆ.

ಮೊದಲ ದಿನದ ಫೋಟೊಗಳಲ್ಲಿ ಗಾಯಕರ ಮುಖದ ಮೇಲೆ ಅಡ್ಡಡ್ಡ ಕಪ್ಪು ಪಟ್ಟೆ, ವಿಭೂತಿ ತಿರುಗುಮುರುಗಾಗಿ ಬಳಿದ ಹಾಗೆ. ಕ್ಯಾಮೆರಾ ಕೆಟ್ಟಿತೆಂದು ಎದೆ ಧಸಕ್ಕೆಂದಿತು. ಕೆಟ್ಟಿರಲಿಲ್ಲ. ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ. ಅಗ್ಗದ ಎಲ್ಇಡಿ ದೀಪ ಅದಕ್ಕೆ ತಕ್ಕಂತೆ ಸೆಕೆಂಡಿಗೆ 100 ಸಲ ಹೆಚ್ಚು ಕಡಿಮೆಯಾಗಿ ಮಿನುಗುತ್ತಿರುತ್ತದೆ. ಕಣ್ಣಿಗೆ ಅದು ಕಾಣದು. ನಾನು ಜಾಣತನ ಮಾಡಿ ಷಟರನ್ನು 1/500ಕ್ಕೆ ಇಟ್ಟಿದ್ದೆ. ಅಷ್ಟು ವೇಗದಲ್ಲಿ ಷಟರು ಪೂರ್ತಿ ತೆರೆಯುವುದೇ ಇಲ್ಲ, ಒಂದು ಸಣ್ಣ ಸೀಳು ಸೆನ್ಸರಿನ ಮೇಲಿಂದ ಕೆಳಕ್ಕೆ ಸರಿದುಹೋಗುತ್ತದೆ. ಸೀಳು ಹಣೆಯ ಮೇಲಿದ್ದಾಗ ದೀಪ ಉರಿದಿತ್ತು, ಮೂಗಿಗೆ ಬರುವಷ್ಟರಲ್ಲಿ ಕುಗ್ಗಿತ್ತು, ಗಲ್ಲಕ್ಕೆ ಬಂದಾಗ ಮತ್ತೆ ಉರಿಯಿತು. ಷಟರನ್ನು 1/100ಕ್ಕೋ 1/50ಕ್ಕೋ ಇಳಿಸಿದರೆ ದೀಪದ ಒಂದು ಪೂರ್ಣ ಸುತ್ತು ಒಳಗೆ ಬಂದು ಪಟ್ಟೆ ಮಾಯ. ಸದ್ದೇ ಇಲ್ಲದ ಎಲೆಕ್ಟ್ರಾನಿಕ್ ಷಟರಿನ ಹೊಸ ಕ್ಯಾಮೆರಾ ಹಿಡಿದವರಿಗೆ ಈ ಕಾಟ ಇನ್ನೂ ಜಾಸ್ತಿ. ಇದೊಂದರಲ್ಲಿ ನನ್ನ ಹಳೆಯ ಡಬ್ಬಿಯೇ ವಾಸಿ ಎಂದು ಒಳಗೊಳಗೇ ಖುಷಿಪಟ್ಟೆ.

1/100ರಲ್ಲಿ ಮೃದಂಗದವರ ಬೆರಳು ಮಸುಕಾಗುತ್ತವೆ. ಆಗಲಿ ಬಿಡಿ. ಲಂಡನ್ನಿನ ‘ದ ಕ್ಲ್ಯಾಶ್’ ಎಂಬ ತಂಡ 1979ರಲ್ಲಿ ನ್ಯೂಯಾರ್ಕಿನಲ್ಲಿ ನುಡಿಸುತ್ತಿದ್ದಾಗ ಬಾಸ್ ಗಿಟಾರಿನ ಪಾಲ್ ಸಿಮೊನನ್ ತನ್ನ ವಾದ್ಯವನ್ನು ನೆಲಕ್ಕೆ ಅಪ್ಪಳಿಸಿದ. ಫೋಟೊ ತೆಗೆದ ಪೆನ್ನಿ ಸ್ಮಿತ್‌ಗೆ ಅದು ಬೇಡವಾಗಿತ್ತು, ಫೋಕಸ್ ಇಲ್ಲ ಎಂದು. ತಂಡದವರು ಕೇಳದೆ ‘ಲಂಡನ್ ಕಾಲಿಂಗ್’ ಆಲ್ಬಮ್ಮಿನ ಮುಖಪುಟಕ್ಕೆ ಹಾಕಿದರು. ರಾಕ್ ಸಂಗೀತದ ಅತಿ ಹೆಸರಾದ ಚಿತ್ರಗಳಲ್ಲಿ ಅದೂ ಒಂದು. ಮೃದಂಗದವರ ಕಣ್ಣು ಸ್ಪಷ್ಟವಾಗಿದ್ದು ಕೈ ಮಂಜಾಗಿದ್ದರೆ ಸದ್ದು ಕೇಳಿಸುತ್ತದೆ. ಕೈಯೂ ಕಲ್ಲಿನ ಹಾಗೆ ನಿಂತುಬಿಟ್ಟರೆ ಯಾರೋ ವಾದ್ಯದ ಮೇಲೆ ಕೈ ಊರಿಕೊಂಡು ಕೂತ ಹಾಗೆ ಕಾಣುತ್ತದೆ.

ಎಲ್ಲಿ ಕೂರಬೇಕು ಎನ್ನುವುದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ಆದ್ದರಿಂದ ನಿಮಗೆ ಹೇಳುತ್ತೇನೆ. ವಾಡಿಕೆಯಂತೆ ಮೃದಂಗದವರು ಗಾಯಕರ ಬಲಕ್ಕೆ, ಅಂದರೆ ನಮ್ಮ ಎಡಕ್ಕೆ ಕೂರುತ್ತಾರೆ. ಪಿಟೀಲು ನಮ್ಮ ಬಲಕ್ಕೆ. ಮೃದಂಗದ ಬಲಮುಖ, ಕರಣೆ ಹಾಕಿ ಕಪ್ಪಗೆ ಮಿರುಗುವ ಆ ಭಾಗ, ಸಭೆಗೆ ಎದುರಾಗಲಿ ಎಂದು ಈ ಏರ್ಪಾಡು. ಮೃದಂಗದ ಆಸೆಗೆ ಎಡಗಡೆಗೆ ಓಡಿಹೋಗಿ ಕೂತರೆ ಸಿಗುವುದು ವಿದ್ವಾಂಸರ ಬೆನ್ನು ಮತ್ತು ಜುಬ್ಬದ ಮಡಿಕೆ. ಅವರ ಮುಖ ಬೇಕಾದರೆ ಬಲಗಡೆಗೆ ಬರಬೇಕು, ಆಗ ಪಿಟೀಲಿನವರ ಬೆನ್ನು. ಎಡಚ ಮೃದಂಗ ವಾದಕರು ಬಂದರೆ ಇಡೀ ವೇದಿಕೆ ತಿರುಗುಮುರುಗು. ಗಾಯಕರ ನೇರ ಎದುರಿಗಂತೂ ಕೂರಲೇಬೇಡಿ. ಮೈಕು ಬಾಯಿ ಮುಚ್ಚುತ್ತದೆ. ಒಂದಿಷ್ಟು ಓರೆಗೆ ಸರಿದು, ಮೈಕಿನ ಕತ್ತು ಕೆನ್ನೆ ದಾಟುವ ಜಾಗ ಹುಡುಕಬೇಕು.

ಜಾಗ ಸಿಕ್ಕಿತು, ಬೆಳಕು ಸಿಕ್ಕಿತು. ಗಾಯಕರು ಆಲಾಪನೆ ಶುರುಮಾಡಿದರು. ತಾರಸ್ಥಾಯಿಗೆ ಹೋಗಿ ಒಂದು ಸ್ವರದ ಮೇಲೆ ನಿಂತಾಗ ಚಪ್ಪರವೆಲ್ಲ ಉಸಿರು ಹಿಡಿದಿತ್ತು. ಕಣ್ಣು ಮುಚ್ಚಿದ ಮುಖ, ಮೇಲೆತ್ತಿದ ಕೈ. ಒತ್ತಿದೆ: ಖಟಾಕ್. ನನ್ನ ಕ್ಯಾಮೆರಾದೊಳಗಿನ ಕನ್ನಡಿ ಎದ್ದು ಬೀಳುವ ಸದ್ದು ಆ ನಿಶ್ಶಬ್ದದಲ್ಲಿ ಬೀಗ ಜಡಿದ ಹಾಗೆ ಕೇಳಿಸಿತು. ಪಕ್ಕದ ಅಜ್ಜ ಏನೂ ಹೇಳಲಿಲ್ಲ. ಕೈಚಾಚಿ ನನ್ನ ಕ್ಯಾಮೆರಾದ ಮೇಲೆ ಅಂಗೈ ಇಟ್ಟರು, ಅಳುವ ಮಗುವಿನ ತಲೆ ಮೇಲೆ ಇಡುವ ಹಾಗೆ. ಆಲಾಪನೆ ಮುಗಿಯುವವರೆಗೂ ತೆಗೆಯಲಿಲ್ಲ.

ಕೃತಿ ಶುರುವಾಯಿತು, ಆದಿತಾಳ. ಅಜ್ಜನ ಕೈ ಈಗ ಅವರ ತೊಡೆಯ ಮೇಲೆ. ಒಂದು ಪೆಟ್ಟು, ಕಿರುಬೆರಳು, ಉಂಗುರ ಬೆರಳು, ನಡುಬೆರಳು. ಪೆಟ್ಟು, ಕೈ ಮಗುಚು. ಪೆಟ್ಟು, ಕೈ ಮಗುಚು. ಎಂಟು ಎಣಿಕೆ, ಮತ್ತೆ ಮೊದಲಿಂದ. ಸುಮ್ಮನೆ ಕೂತಿದ್ದವನಿಗೆ ಆಗ ಹೊಳೆಯಿತು. ಒಳ್ಳೆಯ ಗಳಿಗೆ ಕಂಡಮೇಲೆ ಗುಂಡಿ ಒತ್ತಿದರೆ ತಡವಾಯಿತು ಎಂದೇ ಲೆಕ್ಕ. ಕಣ್ಣು ಕಂಡದ್ದು ಬೆರಳಿಗೆ ತಲುಪಲು ಸೆಕೆಂಡಿನ ಐದನೇ ಒಂದು ಭಾಗ ಬೇಕು, ಕ್ಯಾಮೆರಾ ತನ್ನ ಪಾಲಿಗೆ ಇನ್ನಷ್ಟು ತಿನ್ನುತ್ತದೆ. ಅಷ್ಟರೊಳಗೆ ಎತ್ತಿದ ಕೈ ಇಳಿದಿರುತ್ತದೆ. ಆದರೆ ತಾಳದಲ್ಲಿ ನಡೆಯುವುದೆಲ್ಲ ಮುಂಚೆಯೇ ಗೊತ್ತಿರುವಂಥದ್ದು. ಕಲ್ಪನಾಸ್ವರ ಸುತ್ತಿ ಸುತ್ತಿ ಪಲ್ಲವಿಯ ಎಡುಪಿಗೆ, ಅಂದರೆ ಅದು ಶುರುವಾಗುವ ಜಾಗಕ್ಕೆ, ಬಂದು ಬೀಳಲೇಬೇಕು. ಬೀಳುವ ಆ ಕ್ಷಣಕ್ಕೆ ಗಾಯಕರು ಪಿಟೀಲಿನವರ ಕಡೆ ಕತ್ತು ತಿರುಗಿಸುತ್ತಾರೆ, ಮೃದಂಗದವರ ತಲೆ ಅಲ್ಲಾಡುತ್ತದೆ, ಸಭೆ ‘ಭಲೇ’ ಎನ್ನುತ್ತದೆ. ನನ್ನ ಖಟಾಕ್ ಮೃದಂಗದ ಪೆಟ್ಟಿನೊಳಗೆ ಅಡಗಿಹೋಗುತ್ತದೆ. ಎರಡೂ ಒಂದೇ ಏಟಿಗೆ!

ಅಜ್ಜನ ತೊಡೆ ನೋಡಿಕೊಂಡು ಏಳನೆಯ ಎಣಿಕೆಗೆ ಉಸಿರು ಹಿಡಿದು, ಎಂಟರ ಕೊನೆಗೆ ಒತ್ತಿದೆ. ಮೊದಲ ಸಲ ತಪ್ಪಿತು. ನಾಲ್ಕನೆಯ ಸಲಕ್ಕೆ ಗಾಯಕರು ಪಿಟೀಲಿನವರನ್ನು ನೋಡಿ ನಗುತ್ತಿರುವ ಫೋಟೊ ಬಂತು. ತನಿ ಆವರ್ತನದ ಹೊತ್ತಿಗೆ ಅಜ್ಜನೇ ಮೊಣಕೈಯಿಂದ ತಿವಿದು ‘ಈಗ’ ಎನ್ನತೊಡಗಿದರು. ಒಂದು ಮಾತು: ತನಿಯಲ್ಲಿ ಕ್ಯಾಮೆರಾವನ್ನು ಮೃದಂಗಕ್ಕಷ್ಟೇ ಅಂಟಿಸಬೇಡಿ. ಹಾಡು ನಿಲ್ಲಿಸಿ ಕೈಯಲ್ಲಿ ತಾಳ ಹಾಕುತ್ತ ಅದನ್ನು ಕೇಳುತ್ತಿರುವ ಗಾಯಕರ ಮುಖ ಇಡೀ ಕಛೇರಿಯಲ್ಲಿ ಇನ್ನೊಮ್ಮೆ ಹಾಗೆ ಇರುವುದಿಲ್ಲ.

ದೊಡ್ಡ ಸಿನಿಮಾ ಗಾಯಕರು ಬರುವ ಕಾರ್ಯಕ್ರಮಗಳಲ್ಲಿ ಫೋಟೊದವರಿಗೆ ಒಂದು ವಿಶ್ವವ್ಯಾಪಿ ಕಟ್ಟಳೆ ಇದೆ: ಮೊದಲ ಮೂರು ಹಾಡು ಮಾತ್ರ, ಫ್ಲ್ಯಾಶ್ ಇಲ್ಲ, ಆಮೇಲೆ ಜಾಗ ಖಾಲಿ ಮಾಡಿ. ಬೆವರು ಇಳಿದು ಮುಖದ ಬಣ್ಣ ಕದಡುವ ಮುನ್ನ ಫೋಟೊ ಮುಗಿಯಲಿ ಎನ್ನುವ ಲೆಕ್ಕಾಚಾರವೂ ಇರಬಹುದು. ಫ್ಲ್ಯಾಶ್ ಬೇಡವೆನ್ನುವುದು ಸರಿ. ಆದರೆ ನಮ್ಮ ಕರ್ನಾಟಕ ಸಂಗೀತದ ಸಭೆಗಳೂ ಈಗೀಗ ಇದನ್ನೇ ಅನುಕರಿಸುವುದು ನನಗೆ ಸರಿಕಾಣುವುದಿಲ್ಲ. ನಮ್ಮಲ್ಲಿ ಮೊದಲ ಮೂರು ಎಂದರೆ ಒಂದು ವರ್ಣ, ಒಂದೆರಡು ಸಣ್ಣ ಕೃತಿ. ಗಂಟಲು ಇನ್ನೂ ಬಿಸಿಯಾಗಿರುವುದಿಲ್ಲ, ಮೈಕಿನವನ ಜೊತೆ ಕೈಸನ್ನೆಯ ಜಗಳವೂ ಮುಗಿದಿರುವುದಿಲ್ಲ. ಎಲೆ ಹಾಕಿ ಉಪ್ಪು ಉಪ್ಪಿನಕಾಯಿ ಬಡಿಸಿದ ಹೊತ್ತಿಗೆ ಫೋಟೊದವನನ್ನು ಏಳಿಸಿ ಕಳಿಸಿದ ಹಾಗೆ.

ಈ ಊರಿನವರೇ ಆದ ಟಿ.ಎಸ್. ಸತ್ಯನ್ ಅವರನ್ನು ಈಚೆಗೆ ಮತ್ತೆ ಮತ್ತೆ ನೆನೆಯುತ್ತೇನೆ. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಅವರು ದೇಶದ ದೊಡ್ಡ ಛಾಯಾಪತ್ರಕರ್ತರಲ್ಲಿ ಒಬ್ಬರು. ಅವರ ಕಾಲದ ಫಿಲ್ಮ್ ರೋಲಿನಲ್ಲಿ 36 ಚಿತ್ರ. ಬಂದಿತೋ ಇಲ್ಲವೋ ರೋಲು ತೊಳೆಯುವ ತನಕ ತಿಳಿಯದು. ನಾನು ಆ ಗಣೇಶೋತ್ಸವದಿಂದ ತಂದದ್ದು 1,140 ಫೋಟೊ, ಇಟ್ಟುಕೊಂಡದ್ದು ಒಂಬತ್ತು. ಒಂಬತ್ತರಲ್ಲಿ ಏಳು ಅಜ್ಜನ ತೊಡೆಯ ದಯೆ.

ಹೀಗೆ ವಿದ್ಯೆ ಕೈವಶವಾಯಿತೆಂಬ ಜಂಬದಲ್ಲಿ ನಮ್ಮದೇ ಬನ್ನಿಮಂಟಪಕ್ಕೆ ಬಂದೆ.

ಅರಮನೆಯಿಂದ ಹೊರಟ ಜಂಬೂ ಸವಾರಿ ಸಯ್ಯಾಜಿರಾವ್ ರಸ್ತೆಯುದ್ದಕ್ಕೂ ಸುಮಾರು 5 ಕಿ.ಮೀ. ನಡೆದು ಬಂದು ಮುಗಿಯುವುದು ಇಲ್ಲಿ. ಅದೇ ರಾತ್ರಿ ಮೈದಾನದಲ್ಲಿ ಪಂಜಿನ ಕವಾಯತು. ಆ ಜನಜಾತ್ರೆಯಲ್ಲಿ ಹೊಸಬನಿಗೆ ಜಾಗ ಸಿಗುವುದು ಅಷ್ಟಕ್ಕಷ್ಟೆ. ಹಿಂದಿನ ಸಂಜೆಯ ಅಂತಿಮ ತಾಲೀಮು ವಾಸಿ. ಕುದುರೆ, ಬೈಕು, ಬ್ಯಾಂಡು, ಪಂಜು ಎಲ್ಲವೂ ಇರುತ್ತವೆ, ನೂಕುನುಗ್ಗಲು ಕಡಿಮೆ. ಗ್ಯಾಲರಿಯ ಮೇಲಿನ ಸಾಲು ಹಿಡಿದೆ. ಟ್ರೈಪಾಡ್ ಬಿಚ್ಚಿದರೆ ನಾಲ್ಕು ಜನರ ಕಾಲಿಗೆ ತೊಡರುತ್ತದೆ, ಬ್ಯಾಗನ್ನೇ ಕಟ್ಟೆಯ ಮೇಲಿಟ್ಟು ಅದರ ಮೇಲೆ ಕ್ಯಾಮೆರಾ ಕೂರಿಸಿದೆ.

ಬ್ಯಾಂಡು ಮೈದಾನಕ್ಕೆ ಇಳಿಯಿತು. ನಾನು ಕಣ್ಣು ಮುಚ್ಚಿಕೊಂಡಷ್ಟು ವಿಶ್ವಾಸದಲ್ಲಿ ಡ್ರಮ್ಮಿನ ಪೆಟ್ಟು ಎಣಿಸಿ ಒತ್ತತೊಡಗಿದೆ. ಪರದೆಯಲ್ಲಿ ನೋಡಿದರೆ ಒಂದರಲ್ಲೂ ಕೋಲು ಡ್ರಮ್ಮಿನ ಮೇಲಿಲ್ಲ. ಕಾಲುಗಳೂ ಅಷ್ಟೇ, ಎಲ್ಲರದ್ದೂ ಅರ್ಧ ಎತ್ತಿದ ಮಂಡಿ. ಇಡೀ ತುಕಡಿ ಜಾರಿ ಬೀಳುವ ಮುನ್ನಿನ ಹಾಗಿದೆ. ಅಜ್ಜನ ವಿದ್ಯೆ ಎಲ್ಲಿ ಹೋಯಿತು? ಸ್ವಲ್ಪ ಹೊತ್ತು ಕ್ಯಾಮೆರಾ ಇಳಿಸಿ ಬರಿಗಣ್ಣಲ್ಲಿ ನೋಡಿದ ಮೇಲೆ ಗೊತ್ತಾಯಿತು. ಕೋಲು ಬೀಳುವುದು ಮೊದಲು ಕಾಣುತ್ತದೆ, ‘ಢಂ’ ಆಮೇಲೆ ಬರುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರು ನಡೆಯುತ್ತದೆ. ನಾನು ಕೂತ ಜಾಗಕ್ಕೂ ಮೈದಾನದ ಆಚೆ ತುದಿಯ ಬ್ಯಾಂಡಿಗೂ 150 ಮೀಟರು ಎಂದಿಟ್ಟುಕೊಳ್ಳಿ, ಅರ್ಧ ಸೆಕೆಂಡಿಗೆ ಹತ್ತಿರ ಸಾಲ. ಚಪ್ಪರದಲ್ಲಿ ಹತ್ತು ಅಡಿ ದೂರದಲ್ಲಿ ಕೂತವನಿಗೆ ಈ ಸಾಲ ತಟ್ಟಿರಲಿಲ್ಲ.

ಅಲ್ಲಿಂದ ಮುಂದೆ ಬ್ಯಾಂಡಿನ ಮುಂದೆ ನಡೆಯುವವರ ಕೋಲನ್ನೇ ನೋಡಿದೆ. ಅದು ಮೇಲಕ್ಕೆ ಹೋಗಿ ನಿಂತರೆ ಏನೋ ಬದಲಾಗಲಿದೆ ಎಂದರ್ಥ. ಕಿವಿಗೆ ಬರುವುದನ್ನು ಲಯ ಹಿಡಿಯಲು ಮಾತ್ರ ಇಟ್ಟುಕೊಂಡು ಗುಂಡಿಯನ್ನು ಕಣ್ಣಿಗೆ ಒಪ್ಪಿಸಿದೆ. ಒಂದು ಸಾಲು ಪೂರ್ತಿ ಬೂಟು ಒಟ್ಟಿಗೆ ನೆಲ ಮುಟ್ಟಿದ ಚಿತ್ರ ಕೊನೆಗೂ ಸಿಕ್ಕಿತು.

ರಾಷ್ಟ್ರಗೀತೆಯ ಹೊತ್ತಿಗೆ 21 ಕುಶಾಲತೋಪು. 52 ಸೆಕೆಂಡಿನ ಗೀತೆ ಮುಗಿಯುವಷ್ಟರಲ್ಲಿ ಇಪ್ಪತ್ತೊಂದೂ ಹಾರಬೇಕು. ಒಂದೊಂದು ತೋಪಿಗೂ ಹೊಗೆ ಉರುಳುರುಳಾಗಿ ಎದ್ದು ಫ್ಲಡ್‌ಲೈಟಿನಲ್ಲಿ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಆ ರಾತ್ರಿಯ ಅತಿ ಚಂದದ ಬೆಳಕು ಅದೇ. ಎಲ್ಲರೂ ಎದ್ದು ನೆಟ್ಟಗೆ ನಿಂತಿರುವಾಗ ಕ್ಯಾಮೆರಾ ಎತ್ತಲು ನನಗೆ ಮನಸ್ಸು ಬರಲಿಲ್ಲ. ನಿಂತು ನೋಡಿದೆ.

ಆಮೇಲೆ ದೀಪ ಆರಿಸಿ ಪಂಜುಗಳು ಬಂದವು. ಷಟರನ್ನು 1/250ಕ್ಕೆ ಇಟ್ಟಾಗ ಪ್ರತಿ ಪಂಜೂ ಒಂದು ಚುಕ್ಕೆ, ಕಾಡುಮಿಂಚುಹುಳ. ಅರ್ಧ ಸೆಕೆಂಡಿಗೆ ತಂದಾಗ ಬೀಸಿದ ಪಂಜು ಬಳೆಯಾಯಿತು. ಎರಡು ಸೆಕೆಂಡಿಗೆ ತಂದಾಗ ಎಲ್ಲವೂ ಕಲಸಿಹೋಗಿ ಯಾರದೋ ಮನೆಗೆ ಬೆಂಕಿ ಬಿದ್ದ ಹಾಗೆ. ಅರ್ಧ ಸೆಕೆಂಡು, ಐಎಸ್ಒ 400, ಎಫ್ 4: ನನ್ನ ಮಟ್ಟಿಗೆ ಇದು ಸರಿಹೋಯಿತು. ಬಳೆಯ ಒಳಗೆ ಪಂಜು ಹಿಡಿದವನ ಕಾಲು ಆಡದೆ ನಿಂತಿದ್ದರೆ ಅವನ ಬೂಟೂ ಕಾಣುತ್ತದೆ.

ಮುಗಿಯುವಾಗ ಒಂಬತ್ತು ದಾಟಿತ್ತು. ಹೈವೇ ಸರ್ಕಲ್ ಕಡೆಗೆ ಜನ ಹರಿಯುತ್ತಿತ್ತು. ರಸ್ತೆ ಬದಿಯ ದೀಪದ ಕೆಳಗೆ ಪೊಲೀಸ್ ಬಸ್ಸಿಗೆ ಕಾಯುತ್ತ ಬ್ಯಾಂಡಿನ ನಾಲ್ಕೈದು ಮಂದಿ ನಿಂತಿದ್ದರು. ಒಬ್ಬರು ಟ್ರಂಪೆಟ್ ಬಗ್ಗಿಸಿ, ಒಳಗೆ ಕಟ್ಟಿಕೊಂಡ ಉಸಿರಿನ ನೀರನ್ನು ಸಣ್ಣ ಗುಂಡಿ ಒತ್ತಿ ನೆಲಕ್ಕೆ ಬಿಡುತ್ತಿದ್ದರು. ಹನಿಗೆ ಬೆಳಕು ತಾಗಿ ಹೊಳೆಯಿತು. ಕೇಳಿ, ಒಂದು ಫೋಟೊ ತೆಗೆದೆ.

‘ನುಡಿಸೋವಾಗ ತೆಗೀಲಿಲ್ವಾ?’ ಎಂದರು. ತೋರಿಸಿದೆ. ಬೆರಳುದ್ದದ ಪರದೆಯಲ್ಲಿ ನಲವತ್ತು ಜನ, ಒಬ್ಬೊಬ್ಬರೂ ಜೋಳದ ಕಾಳಿನಷ್ಟು. ಅವರಿಗೆ ಹುಡುಕಬೇಕಾಗಲಿಲ್ಲ. ಉಗುರು ಇಟ್ಟು ‘ಎರಡನೇ ಸಾಲು, ಇವನು ನಾನು’ ಎಂದರು. ಹಿಗ್ಗಿಸಿ ಅಂದರು, ಹಿಗ್ಗಿಸಿದೆ. ಸಾಲಿನಲ್ಲಿ ಎಲ್ಲರ ಟ್ರಂಪೆಟ್ಟೂ ತುಟಿಗಿತ್ತು, ಇವರದ್ದು ಮಾತ್ರ ಒಂದಂಗುಲ ದೂರ. ಬಾಯಿ ತೆರೆದಿತ್ತು.

‘ಉಸಿರು ತಗೊಳ್ತಿದೀನಿ’ ಎಂದು ನಕ್ಕರು. ‘ಅಲ್ಲಿ ತಗೊಳ್ಳೋ ಹಾಗಿಲ್ಲ ಸಾರ್. ಎರಡು ಬಾರು ಆದ್ಮೇಲೆ ತಗೋಬೇಕು. ಇದನ್ನ ಮಾತ್ರ ಎಲ್ಲೂ ಹಾಕ್ಬೇಡಿ.’

ಬಸ್ಸು ಬಂತು. ಮನೆಗೆ ಬಂದು ಅಮ್ಮನಿಗೆ ಆ ಫೋಟೊ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದಳು. ‘ನಾನು ದಿನಾ ಹೇಳ್ತಿರಲಿಲ್ವಾ, ಅಲ್ಲೇ ಎಡವ್ತಾರೆ ಅಂತ’ ಎಂದಳು.